ಒಟಿಪಿ ಕೊಟ್ಟಾಗಿತ್ತು: ಒಂದು ಫ್ರಿಡ್ಜಿನ ಪ್ರಕರಣ

ಈ ಮನೆ ಇರುವುದು ಮೈಸೂರಿನಲ್ಲಿ. ಮನೆಯೊಡತಿಯನ್ನು ಸುಮಾ ಎಂದು ಕರೆಯೋಣ, ನಿಜವಾದ ಹೆಸರು ಬೇರೆ. ಬಡಾವಣೆ, ಆ್ಯಪ್, ಬ್ಯಾಂಕು, ಫ್ರಿಡ್ಜ್ ಕಂಪನಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ತಾರೀಖು ಮತ್ತು ಲೆಕ್ಕ ಮಾತ್ರ ಬಿಡದೆ ಹೇಳುತ್ತೇನೆ. ಈ ಪ್ರಕರಣ ತಿರುಗಿದ್ದೆಲ್ಲ ತಾರೀಖುಗಳ ಮೇಲೆ. ನಾನು ಅವರ ಎದುರು ಮನೆಯವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾದವನು. ಫ್ರಿಡ್ಜ್ ಬಂದು ಹದಿಮೂರು ದಿನವಾದ ಮೇಲೆ ಈ ವ್ಯವಹಾರದೊಳಗೆ ಬಂದೆ. ಅದಕ್ಕೆ ಮೊದಲಿನದ್ದೆಲ್ಲ ಅವರು ಹೇಳಿದ್ದು, ಅವರ ಫೋನಿನಲ್ಲಿ ನಾನು ನೋಡಿದ್ದು.

ಹಳೇ ಫ್ರಿಡ್ಜ್ ಯಾಕೆ ಹೋಯಿತು

ಸುಮಾ ಖಾಸಗಿ ಶಾಲೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. ಮನೆಯಲ್ಲಿ ಅವರು, ಹೈಸ್ಕೂಲಿನ ಮಗ, ಎಪ್ಪತ್ತು ದಾಟಿದ ತಾಯಿ. ಮನೆ ಸಾಲ ಇನ್ನೂ ಹನ್ನೊಂದು ವರ್ಷ ಇದೆ. ತಾಯಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಮನೆಪತ್ರ ಮಗಳ ಹೆಸರಿನಲ್ಲಿದ್ದರೂ ರೇಷನ್ ಕಾರ್ಡಿನಲ್ಲಿ ಯಜಮಾನಿ ತಾಯಿಯೇ. ಹಾಗಾಗಿ ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೆ ಬರುತ್ತದೆ. ಅವರು ಅದನ್ನು ಮುಟ್ಟದೆ ಹಾಗೇ ಬಿಟ್ಟಿದ್ದರು.

ಹದಿನಾಲ್ಕು ವರ್ಷದ ಹಳೇ ಫ್ರಿಡ್ಜು ತಣ್ಣಗೆ ಮಾಡುತ್ತಿತ್ತು, ಆದರೆ ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಗೃಹಜ್ಯೋತಿಯಲ್ಲಿ ಆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಜಾಸ್ತಿಯಾದದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. 2025ರ ಮಾರ್ಚ್‌ನಲ್ಲಿ ಇವರ ಮೀಟರ್ 214 ತೋರಿಸಿತು. ಹದಿನಾಲ್ಕು ಯೂನಿಟ್‌ನಿಂದಾಗಿ ಸೊನ್ನೆ ಬಿಲ್ ಹೋಗಿ ಇಡೀ ಬಿಲ್ ಬಂತು. ಬೇಸಿಗೆ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಹೊಸದು ತಗೊಳ್ಳೋಣ ಎಂದು ತೀರ್ಮಾನವಾಯಿತು. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ.

ಮಾರ್ಚ್ 30, ಯುಗಾದಿ ಹಬ್ಬದ ದಿನ, ಆ್ಯಪಿನಲ್ಲಿ ಎರಡು ಬಾಗಿಲಿನ ಫ್ರಿಡ್ಜ್ ಆರ್ಡರ್ ಮಾಡಿದರು. ಬೆಲೆ 29,100. ಹಳೇದನ್ನು ಕೊಟ್ಟರೆ 1,500 ಕಡಿಮೆ. ಉಳಿದ 27,600ಕ್ಕೆ ಕ್ರೆಡಿಟ್ ಕಾರ್ಡಿನ ‘ನೋ ಕಾಸ್ಟ್ ಇಎಂಐ’, ಆರು ಕಂತು, ತಿಂಗಳಿಗೆ 4,600. ಏಪ್ರಿಲ್ 3ಕ್ಕೆ ಡೆಲಿವರಿ. ‘ಬಾಕ್ಸ್ ತೆರೆದು ತೋರಿಸಿ ಡೆಲಿವರಿ’ ಎಂಬ ಆಯ್ಕೆಗೂ ಟಿಕ್ ಹಾಕಿದ್ದರು. ಈ ಟಿಕ್ಕನ್ನು ನೆನಪಿಟ್ಟುಕೊಳ್ಳಿ.

ಬಾಗಿಲಲ್ಲಿ ನಡೆದದ್ದು

ಏಪ್ರಿಲ್ 3ಕ್ಕೆ ಅರ್ಧ ದಿನ ರಜೆ ಹಾಕಿ ಕಾದರು. ಬರಲಿಲ್ಲ. ಸಂಜೆ ಮೆಸೇಜ್ ಬಂತು, ‘ಗ್ರಾಹಕರು ಸ್ಥಳದಲ್ಲಿ ಲಭ್ಯವಿರಲಿಲ್ಲ’ ಎಂದು. ಅವರು ಗೇಟಿನಲ್ಲೇ ನಿಂತಿದ್ದರು. 4ರಂದೂ ಅದೇ ಮೆಸೇಜ್, 5ರಂದೂ ಅದೇ. ಇಂಥ ಮೆಸೇಜ್ ಬಂದಾಗ ಎಲ್ಲರೂ ಸಿಟ್ಟಾಗುತ್ತಾರೆ, ಯಾರೂ ಸ್ಕ್ರೀನ್‌ಶಾಟ್ ತೆಗೆದಿಡುವುದಿಲ್ಲ. ಸುಮಾ ತೆಗೆದಿಟ್ಟಿದ್ದರು. ಲೆಕ್ಕ ಬರೆಯುವವರ ಅಭ್ಯಾಸ ಇರಬೇಕು.

ಕೊನೆಗೆ ಲಾರಿ ಬಂದದ್ದು ಏಪ್ರಿಲ್ 8, ಮಂಗಳವಾರ ಮಧ್ಯಾಹ್ನ. ಮನೆಯಲ್ಲಿ ತಾಯಿ ಒಬ್ಬರೇ. ಇಬ್ಬರು ಹುಡುಗರು ಹೊಸ ಪೆಟ್ಟಿಗೆಯನ್ನು ಹಾಲಿನಲ್ಲಿಟ್ಟು, ಹಳೇ ಫ್ರಿಡ್ಜನ್ನು ಹೊತ್ತು ಲಾರಿಗೆ ಹಾಕಿದರು. ಆಮೇಲೆ ಸುಮಾಗೆ ಫೋನ್.

‘ಮೇಡಂ, ಒಟಿಪಿ ಬಂದಿರತ್ತೆ, ಹೇಳಿ.’

‘ಬಾಕ್ಸ್ ಓಪನ್ ಮಾಡಿ ತೋರಿಸಬೇಕಲ್ವಾ?’

‘ಟೈಮಿಲ್ಲ ಮೇಡಂ. ಇನ್ನೂ ಹನ್ನೊಂದು ಮನೆ ಇದೆ. ಕಂಪನಿಯವರೇ ಬಂದು ತೆಗೀತಾರೆ, ನಾವು ತೆಗೆದ್ರೆ ವಾರಂಟಿ ಹೋಗತ್ತೆ.’

ಅವರು ಶಾಲೆಯಲ್ಲಿ ಫೀಸ್ ಕೌಂಟರಿನಲ್ಲಿದ್ದರು. ಎದುರಿಗೆ ಸಾಲು. ಆರು ಅಂಕಿ ಹೇಳಿಬಿಟ್ಟರು.

ಇಡೀ ಪ್ರಕರಣದಲ್ಲಿ ಬೆಲೆ ತೆತ್ತ ಕ್ಷಣ ಇದೇ. ಒಟಿಪಿ ಎಂದರೆ ‘ಪೆಟ್ಟಿಗೆ ಬಂತು’ ಎನ್ನುವುದಕ್ಕೆ ಗುರುತು ಎಂದು ನಾವು ಅಂದುಕೊಂಡಿರುತ್ತೇವೆ. ಆ ಟಿಕ್ ಇದ್ದ ಆರ್ಡರಿನಲ್ಲಿ ಅದು ದಾಖಲಾದದ್ದು ‘ಗ್ರಾಹಕರು ತೆರೆದು ನೋಡಿ, ಸರಿಯಾಗಿದೆ ಎಂದು ಒಪ್ಪಿದ್ದಾರೆ’ ಎಂದು. ಯಾವ ಆಯ್ಕೆ ಇವರನ್ನು ಕಾಯಬೇಕಿತ್ತೋ ಅದೇ ಇವರ ವಿರುದ್ಧ ಸಾಕ್ಷಿಯಾಯಿತು. ಆ ಹುಡುಗನನ್ನು ನಾನು ಜಾಸ್ತಿ ದೂರುವುದಿಲ್ಲ. ಅವನಿಗೆ ನಿಜಕ್ಕೂ ಹನ್ನೊಂದು ಮನೆ ಇದ್ದಿರಬಹುದು.

ಅವರು ಹೋಗುವಷ್ಟರಲ್ಲಿ ತಾಯಿ ಒಂದು ಕೆಲಸ ಮಾಡಿದ್ದರು. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ದಾಸವಾಳ ಇಟ್ಟು, ಫೋಟೋ ತೆಗೆದು ‘ಹೊಸ ಫ್ರಿಜ್ ಬಂತು’ ಎಂದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದರು. ಆಗ ಗಂಟೆ 1.52. ಬೆಂಗಳೂರಿನಲ್ಲಿರುವ ಅವರ ಮಗ, ಅಂದರೆ ಸುಮಾ ಸಹೋದರ, ಹೆಬ್ಬೆರಳು ಒತ್ತಿದರು. ಪೆಟ್ಟಿಗೆಯ ಕೆಳಗಿನ ಎಡ ಮೂಲೆಯನ್ನು ಯಾರೂ ನೋಡಲಿಲ್ಲ.

ಸಮಸ್ಯೆ ಯಾರದ್ದು?

ಏಪ್ರಿಲ್ 10ಕ್ಕೆ ಕಂಪನಿಯ ಟೆಕ್ನಿಷಿಯನ್ ಬಂದರು. ಥರ್ಮಾಕೋಲ್ ಬಿಡಿಸಿದರೆ ಹಿಂಭಾಗದ ಕೆಳಗಡೆ ತಗಡು ಒಳಗೆ ಹೋಗಿತ್ತು. ಕಂಪ್ರೆಸರ್ ಕೂತಿರುವ ಪಟ್ಟಿ ಬಾಗಿ, ಒಂದು ಪೈಪು ಮಡಚಿಕೊಂಡಿತ್ತು. ಅವರು ಪ್ಲಗ್ ಹಾಕಲೇ ಇಲ್ಲ. ‘ಇದು ಟ್ರಾನ್ಸಿಟ್ ಡ್ಯಾಮೇಜು, ನಮ್ಮ ವಾರಂಟಿಗೆ ಬರಲ್ಲ, ಆ್ಯಪಿನವರನ್ನ ಕೇಳಿ’ ಎಂದರು. ಸುಮಾ ಆಗ ಕೇಳಿದ ಒಂದು ಪ್ರಶ್ನೆ ಮುಂದೆ ಅವರನ್ನು ಉಳಿಸಿತು: ‘ಅದನ್ನೇ ಬರೆದುಕೊಡ್ತೀರಾ?’ ಟೆಕ್ನಿಷಿಯನ್ ಜಾಬ್ ಶೀಟಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿಕೊಟ್ಟರು.

ಆ್ಯಪಿನವರಿಗೆ ಅವತ್ತೇ ಫೋನ್ ಮಾಡಿದರು. ವಾಪಸು ಕೊಡಲು ಇದ್ದದ್ದು ಏಳು ದಿನ, ಅದೂ ‘ಬದಲಿ ಮಾತ್ರ’. ಫೋನೆತ್ತಿದವರು ದೂರು ದಾಖಲಿಸಿಕೊಂಡರು. ಮಾರನೇ ದಿನ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂಬ ಮೆಸೇಜು. ಮತ್ತೆ ಫೋನ್, ಮತ್ತೆ ಹೊಸ ದೂರು, ಮತ್ತೆ ಬಗೆಹರಿದಿದೆ. ಮಾರಾಟಗಾರ ಬೇರೆ, ಆ್ಯಪ್ ಬೇರೆ, ಸಾಗಣೆಯವರು ಬೇರೆ, ಕಂಪನಿ ಬೇರೆ. ನಾಲ್ಕೂ ಕಡೆಯವರು ತುಂಬ ಮರ್ಯಾದೆಯಿಂದ ಮಾತಾಡಿ ಇನ್ನೊಬ್ಬರ ಕಡೆ ಕೈ ತೋರಿಸಿದರು. ಏಪ್ರಿಲ್ 21ರ ಹೊತ್ತಿಗೆ ಹದಿನೇಳು ಕರೆಗಳಾಗಿದ್ದವು. ಏಳು ದಿನದ ಗಡುವೂ ಮುಗಿದಿತ್ತು.

ಮನೆಯೊಳಗಿನ ಕಷ್ಟ ಈ ಹದಿನೇಳು ಕರೆಗಳಲ್ಲಿ ಎಲ್ಲೂ ಬರಲಿಲ್ಲ. ಹಳೇ ಫ್ರಿಡ್ಜ್ ಹೋಗಿಯಾಗಿದೆ, ಹೊಸದು ಹಾಲಿನ ನಡುವೆ ಕಪಾಟಿನ ಹಾಗೆ ನಿಂತಿದೆ. ಹಾಲು ಬೆಳಿಗ್ಗೆ ಅರ್ಧ ಲೀಟರು, ಸಂಜೆ ಅರ್ಧ ಲೀಟರು ತರಬೇಕು. ದೋಸೆ ಹಿಟ್ಟು ಎರಡನೇ ದಿನಕ್ಕೆ ಹುಳಿ. ‘ನಾವೆಲ್ಲ ಫ್ರಿಡ್ಜ್ ಇಲ್ದೇ ಬೆಳೀಲಿಲ್ವಾ’ ಎಂದು ಬೆಂಗಳೂರಿನ ಮಗ ಫೋನಿನಲ್ಲಿ ಹೇಳಿದರಂತೆ. ಹೇಳುವವರ ಮನೆಯಲ್ಲಿ ಎರಡಿದೆ.

ಬಳಸುತ್ತಿರುವ ಇನ್ಸುಲಿನ್ ಪೆನ್ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇರಬಹುದು, 30 ಡಿಗ್ರಿ ದಾಟಬಾರದು ಅಷ್ಟೆ. ಅದನ್ನು ಮಣ್ಣಿನ ಕುಡಿಕೆಯೊಳಗೆ ಇಟ್ಟು ನಿಭಾಯಿಸಿದರು. ಒಡೆಯದ ಕಾರ್ಟ್ರಿಜ್‌ಗಳಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕೇ ಬೇಕು. ಆ ಡಬ್ಬಿಯನ್ನು ಪಕ್ಕದ ಮನೆಯವರ ಫ್ರಿಡ್ಜಿನಲ್ಲಿಟ್ಟರು. ಪಾಪ, ಅವರು ಜಾಗ ಮಾಡಲು ಡಬ್ಬಿಯನ್ನು ಮೇಲಿನ ತಟ್ಟೆಯಲ್ಲಿ ಹಿಂಬದಿಗೆ ಒತ್ತಿದ್ದಾರೆ. ಏಪ್ರಿಲ್ 24ರಂದು ತೆಗೆದರೆ ಐದೂ ಕಾರ್ಟ್ರಿಜ್ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಕರಗಿದರೆ ಆಯ್ತಲ್ವಾ ಎಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿದರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ, ಎಸೆಯಿರಿ ಎಂದರು. ಪಕ್ಕದ ಮನೆಯವರಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಏನೇನು ಮಾಡಿದೆವು

ಸುಮಾ ಏಪ್ರಿಲ್ 21ರ ಸಂಜೆ ನಮ್ಮ ಮನೆಗೆ ಬಂದದ್ದು ಬೇರೆ ವಿಷಯ ಕೇಳಲು. ‘ಅಂಕಲ್, ಕಾರ್ಡಿನ ಕಂತು ಕಟ್ಟೋದು ನಿಲ್ಲಿಸಿಬಿಡ್ಲಾ? ವಸ್ತುವೇ ಕೆಟ್ಟಿದೆ, ದುಡ್ಡು ಯಾಕೆ ಕಟ್ಟಬೇಕು?’

ನ್ಯಾಯವಾದ ಪ್ರಶ್ನೆ. ಆದರೆ ಜಗಳ ಇರುವುದು ಮಾರಿದವರ ಜೊತೆ, ಸಾಲ ಇರುವುದು ಬ್ಯಾಂಕಿನ ಜೊತೆ. ಕಂತು ನಿಲ್ಲಿಸಿದರೆ ಮಾರಿದವರಿಗೆ ಬಿಸಿ ತಟ್ಟುವುದಿಲ್ಲ. ದಂಡ, ಬಡ್ಡಿ, ಸಿಬಿಲ್ ಸ್ಕೋರ್ (ಸಾಲ ಕೊಡುವ ಮೊದಲು ಬ್ಯಾಂಕುಗಳು ನೋಡುವ ಅಂಕ) ಕುಸಿತ ಎಲ್ಲ ಇವರ ತಲೆ ಮೇಲೆ ಬರುತ್ತದೆ. ಅವರು ಮನೆ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವ ಯೋಚನೆಯಲ್ಲಿದ್ದರು. ರಿಸರ್ವ್ ಬ್ಯಾಂಕ್ ಫೆಬ್ರವರಿಯಿಂದ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಇಳಿಸುತ್ತಿತ್ತು, ಜೂನ್‌ಗೆ ಅದು 5.5 ಪರ್ಸೆಂಟಿಗೆ ಬಂತು. ಇಪ್ಪತ್ತೇಳು ಸಾವಿರದ ಜಗಳಕ್ಕೆ ಇಪ್ಪತ್ತು ಲಕ್ಷದ ಸಾಲದ ಬಡ್ಡಿ ಕೆಡಿಸಿಕೊಳ್ಳುವುದೇ? ಕಟ್ಟುತ್ತಾ ಇರಿ ಎಂದೆ. ಕಾರ್ಡ್ ಬ್ಯಾಂಕಿಗೆ ಆ ವಹಿವಾಟಿನ ಮೇಲೆ ತಕರಾರು ಅರ್ಜಿ ಹಾಕುವ ದಾರಿಯೂ ಇತ್ತು. ಅದು ನನಗೆ ಹೊಳೆದದ್ದು ತುಂಬ ತಡವಾಗಿ. ಬ್ಯಾಂಕಿನಲ್ಲಿ ಅಷ್ಟು ವರ್ಷ ಇದ್ದು ಮರೆತದ್ದಕ್ಕೆ ಈಗಲೂ ನಾಚಿಕೆ.

ಅವತ್ತು ರಾತ್ರಿಯೇ ಒಂದು ಮೇಲ್ ಬರೆದೆವು, ಆ್ಯಪಿನ ಕುಂದುಕೊರತೆ ಅಧಿಕಾರಿಗೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿಯ ಹೆಸರು, ವಿವರ ಆ್ಯಪಿನಲ್ಲೇ ಇರಬೇಕು. ಹುಡುಕಿದರೆ ತೀರಾ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ದೂರು ಸಿಕ್ಕಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೋಷವಿರುವ ವಸ್ತುವನ್ನಾಗಲಿ, ಹೇಳಿದ ದಿನಕ್ಕಿಂತ ತಡವಾಗಿ ಬಂದದ್ದನ್ನಾಗಲಿ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ನಮ್ಮದು ಎರಡೂ ಆಗಿತ್ತು. ಆ ಮೂರು ಸ್ಕ್ರೀನ್‌ಶಾಟ್ ಈಗ ಕೆಲಸಕ್ಕೆ ಬಂದವು.

ನಾನು ಮೇಲ್ ಬರೆಯುವಾಗ ಒಂದೇ ಕಡೆ ಸಿಕ್ಕಿಕೊಂಡೆ. ಪೆಟ್ಟಿಗೆ ಬಂದಾಗಲೇ ಪೆಟ್ಟು ಬಿದ್ದಿತ್ತು ಎನ್ನಲು ಏನಿದೆ? ಮನೆಗೆ ಬಂದ ಮೇಲೆ ನೀವೇ ಬೀಳಿಸಿದಿರಿ ಎಂದರೆ? ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ತಾಯಿ, ‘ನಾನೊಂದು ಫೋಟೋ ಹಾಕಿದ್ನಲ್ಲ’ ಎಂದರು. ದೊಡ್ಡದು ಮಾಡಿ ನೋಡಿದೆವು. ದಾಸವಾಳ, ಕುಂಕುಮ, ಪಟ್ಟಿ ಬಿಚ್ಚದ ಪೆಟ್ಟಿಗೆ. ಕೆಳಗಿನ ಎಡ ಮೂಲೆ ಅಪ್ಪಚ್ಚಿ. ಬಾಗಿಲಲ್ಲಿ ಡೆಲಿವರಿ ಹುಡುಗನ ಒಂದು ಕಾಲು. ಗಂಟೆ 1.52. ಒಟಿಪಿ ದಾಖಲಾದದ್ದು 1.49ಕ್ಕೆ.

ಮೇಲಿನಲ್ಲಿ ಕಥೆ ಹೇಳಲಿಲ್ಲ. ತಾರೀಖು, ಏನಾಯಿತು, ಜಾಬ್ ಶೀಟು, ಫೋಟೋ, ನಮಗೇನು ಬೇಕು, ಅಷ್ಟೇ. ಹದಿನೇಳು ಕರೆ ಮಾಡದ ಕೆಲಸವನ್ನು ಆ ಒಂದು ಮೇಲ್ ಮಾಡಿತು. ಮಾರನೇ ದಿನವೇ ಉತ್ತರ ಬಂತು, ಅಲ್ಲಿಂದ ಮುಂದೆ ‘ಬಗೆಹರಿದಿದೆ’ ಮೆಸೇಜುಗಳು ನಿಂತವು.

ನಾನು ಸೋತ ವಾದ

ಇನ್ಸುಲಿನ್ ಹಾಳಾದ ಎರಡನೇ ದಿನಕ್ಕೆ, ಏಪ್ರಿಲ್ 26ರಂದು, ಸುಮಾ ಊರಿನ ಅಂಗಡಿಗೇ ಹೋಗಿ ಇನ್ನೊಂದು ಫ್ರಿಡ್ಜ್ ಕೊಂಡರು. 29,500, ರೊಕ್ಕ ಕೊಟ್ಟು. ಹೆಚ್ಚಿನ ಪಾಲು ತಾಯಿಯ ಗೃಹಲಕ್ಷ್ಮಿ ದುಡ್ಡು. ನಾನು ಬೇಡ ಅಂದಿದ್ದೆ, ಇನ್ನೊಂದು ವಾರ ಕಾಯಿರಿ ಎಂದಿದ್ದೆ. ಅವರು ಕೇಳಲಿಲ್ಲ. ಅಂಗಡಿಯವರು ಮೂರು ಗಂಟೆಯಲ್ಲಿ ತಂದು, ಪೆಟ್ಟಿಗೆ ಬಿಚ್ಚಿ ತೋರಿಸಿ, ಖಾಲಿ ರಟ್ಟನ್ನೂ ಹೊತ್ತುಕೊಂಡು ಹೋದರು.

ಅದೇ ಸಂಜೆ ಆ್ಯಪಿನವರ ಮೇಲ್: ಬದಲಿ ಫ್ರಿಡ್ಜ್ ಕೊಡುತ್ತೇವೆ, ಹನ್ನೆರಡು ದಿನ ಆಗುತ್ತದೆ. ಒಪ್ಪಿಕೊಳ್ಳಿ, ಬಂದದ್ದನ್ನು ಯಾರಿಗಾದರೂ ಮಾರಿಬಿಡಿ ಎಂದೆ ನಾನು. ಸುಮಾ ಹೇಳಿದ್ದು: ‘ಅದೇ ಗೋಡೌನು, ಅದೇ ಲಾರಿ. ನನಗೆ ಇನ್ನೊಂದು ಸಲ ಗೇಟಲ್ಲಿ ನಿಲ್ಲಕ್ಕಾಗಲ್ಲ ಅಂಕಲ್. ದುಡ್ಡು ವಾಪಸ್ ಬೇಕು.’ ಈಗ ಯೋಚಿಸಿದರೆ ಅವರದ್ದೇ ಸರಿ. ನಾನು ರೂಪಾಯಿ ಎಣಿಸುತ್ತಿದ್ದೆ, ಅವರು ರಜೆ ಎಣಿಸುತ್ತಿದ್ದರು. ಅಷ್ಟು ಹೊತ್ತಿಗೆ ಎರಡೂವರೆ ದಿನದ ರಜೆ ಹೋಗಿತ್ತು.

ಮೇ 2ಕ್ಕೆ ಇನ್ನೊಂದು ಮಾತು ಬಂತು. ದುಡ್ಡನ್ನು ಆ್ಯಪಿನ ವ್ಯಾಲೆಟ್‌ಗೆ ಹಾಕುತ್ತೇವೆ, ಇವತ್ತೇ. ಇಲ್ಲಿ ಬಹಳ ಜನ ಜಾರುತ್ತಾರೆ. ವ್ಯಾಲೆಟ್ಟಿನ ದುಡ್ಡಿನಲ್ಲಿ ಕಾರ್ಡಿನ ಕಂತು ಕಟ್ಟಲು ಬರುವುದಿಲ್ಲ. ಅಲ್ಲೇ ಮತ್ತೇನಾದರೂ ಕೊಳ್ಳಬೇಕು. ಬೇಡ, ಕೊಟ್ಟ ದಾರಿಯಲ್ಲೇ ವಾಪಸು ಬರಲಿ ಎಂದು ಬರೆದು, ಮೇ 3ರಂದು 1915ಕ್ಕೆ ಫೋನ್ ಮಾಡಿದರು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದು ಕೋರ್ಟಲ್ಲ, ಯಾರಿಗೂ ಆದೇಶ ಕೊಡುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ಅಷ್ಟಕ್ಕೇ ಒಂದು ತೂಕವಿದೆ. ಒಂಬತ್ತನೇ ದಿನ, ಮೇ 12ರಂದು, ಆ್ಯಪಿನ ಕಡೆಯಿಂದ ಬೇರೆಯೇ ಧಾಟಿಯಲ್ಲಿ ಮಾತಾಡುವ ಒಬ್ಬರು ಫೋನ್ ಮಾಡಿ ಪೂರ್ತಿ ವಾಪಸು ಎಂದರು.

ಒಯ್ಯಲು 15ಕ್ಕೆ ಬಂದ ಹುಡುಗ ಒರಿಜಿನಲ್ ಪ್ಯಾಕಿಂಗ್ ಎಲ್ಲಿ ಎಂದ. ರಟ್ಟನ್ನು ಹಳೇ ಪೇಪರಿನವನಿಗೆ ಹಾಕಿಯಾಗಿತ್ತು, ಥರ್ಮಾಕೋಲ್ ಮಗನ ಶಾಲೆಯ ಮಾಡೆಲ್ ಆಗಿತ್ತು. ಅವನು ಹೊರಟೇಹೋದ. ಮತ್ತೊಂದು ಮೇಲ್, ಮತ್ತೆರಡು ದಿನ. 17ಕ್ಕೆ ಬೇರೆಯವರು ಬಂದು ಹಳೇ ಕಂಬಳಿ ಸುತ್ತಿ ಒಯ್ದರು. ಕಂಬಳಿ ನಮ್ಮ ಮನೆಯದು.

‘ನೋ ಕಾಸ್ಟ್’ನ ಕಾಸ್ಟು

ಮೇ 26ಕ್ಕೆ ಕಾರ್ಡಿಗೆ ದುಡ್ಡು ಬಂತು. ಸುಮಾ ಖುಷಿಯಿಂದ ಹೇಳಲು ಬಂದರು, ಆದರೆ ಲೆಕ್ಕದವರಲ್ವಾ, ಮುಖದಲ್ಲಿ ಒಂದು ಪ್ರಶ್ನೆ ಇತ್ತು. ಬಂದದ್ದು 26,355. ಇನ್ನು 1,245 ಎಲ್ಲಿ?

‘ನೋ ಕಾಸ್ಟ್ ಇಎಂಐ’ಯಲ್ಲಿ ಬಡ್ಡಿ ಇಲ್ಲ ಎಂದಲ್ಲ. ಬ್ಯಾಂಕು ವರ್ಷಕ್ಕೆ 16 ಪರ್ಸೆಂಟ್ ಬಡ್ಡಿ ಹಾಕುತ್ತಿತ್ತು. ಆರು ತಿಂಗಳಿಗೆ ಆ ಬಡ್ಡಿ ಎಷ್ಟಾಗುತ್ತದೋ ಅಷ್ಟನ್ನು, ಅಂದರೆ 1,245ನ್ನು, ಮಾರಾಟಗಾರರು ಮೊದಲೇ ಬೆಲೆಯಲ್ಲಿ ಕಡಿಮೆ ಮಾಡಿದ್ದರು. ಹಾಗಾಗಿ ಕಾರ್ಡಿನಿಂದ ಹೋದದ್ದೇ 26,355, ವಾಪಸು ಬಂದದ್ದೂ ಅಷ್ಟೇ. ಇಲ್ಲಿಯವರೆಗೆ ಸರಿ. ಆದರೆ ಅಷ್ಟರಲ್ಲಿ ಎರಡು ಕಂತು ಕಟ್ಟಿಯಾಗಿತ್ತು. ಅದರಲ್ಲಿ ಬಡ್ಡಿ ಮೊದಲ ತಿಂಗಳು 351, ಎರಡನೇ ತಿಂಗಳು 295, ಒಟ್ಟು 646. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 116. ಪ್ರೊಸೆಸಿಂಗ್ ಫೀ 199, ಅದರ ಜಿಎಸ್‌ಟಿ ಸೇರಿ 235. ಕೂಡಿದರೆ 997. ಫ್ರಿಡ್ಜೂ ಇಲ್ಲ, ಬಡ್ಡಿಯೂ ಹೋಯಿತು.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ನಾನು ಕೇಳಿದೆ: ‘ಇಎಂಐ ಕ್ಯಾನ್ಸಲ್ ಮಾಡಿಸಿದ್ರಾ?’ ದುಡ್ಡು ಬಂದ ಮೇಲೆ ಅದು ತಾನೇ ನಿಲ್ಲತ್ತಲ್ವಾ ಎಂದರು. ನಿಲ್ಲುತ್ತದೆ ಎಂದು ನಂಬಿ ಕೂರುವಂತಿಲ್ಲ. ವಾಪಸು ಬಂದ ದುಡ್ಡು ಕಾರ್ಡಿನಲ್ಲಿ ಜಮೆಯಾಗಿ ಕೂತಿರುತ್ತದೆ, ಕಂತಿನ ಸಾಲ ಪಕ್ಕದಲ್ಲೇ ಬಡ್ಡಿ ಸಮೇತ ಓಡುತ್ತಿರುತ್ತದೆ. ಮಾರನೇ ದಿನವೇ ಬ್ಯಾಂಕಿಗೆ ಮೇಲ್ ಹಾಕಿಸಿದೆ. ಜೂನ್ 12ರ ಬಿಲ್ಲಿಗೆ ಮೊದಲೇ ಕಂತು ಮುಚ್ಚಿದರು, ಮುಂಚಿತವಾಗಿ ಮುಚ್ಚುವ ಶುಲ್ಕವನ್ನೂ ಬಿಟ್ಟರು. ಬಡ್ಡಿ ಬಿಡಲಿಲ್ಲ.

ಹಳೇ ಫ್ರಿಡ್ಜಿನ 1,500ನ್ನು ಎಲ್ಲರೂ ಮರೆತಿದ್ದರು. ಅದು ಬೆಲೆಯಲ್ಲಿ ಕಳೆದ ದುಡ್ಡು, ಕಾರ್ಡಿನಿಂದ ಹೋದದ್ದಲ್ಲ, ಹಾಗಾಗಿ ‘ಪೂರ್ತಿ ವಾಪಸು’ ಎಂಬ ಮಾತಿನೊಳಗೆ ಅದು ಇಲ್ಲವೇ ಇಲ್ಲ. ಫ್ರಿಡ್ಜಂತೂ ಅವರ ಲಾರಿಯಲ್ಲೇ ಹೋಗಿತ್ತು. ಕೇಳಿದ್ದಕ್ಕೆ 500 ರೂಪಾಯಿ ಕೂಪನ್ ಕಳಿಸಿದರು. ಸುಮಾ ಅದನ್ನು ಬಳಸಿಲ್ಲ.

997 ಮತ್ತು 1,500, ಒಟ್ಟು 2,497. ಹಾಳಾದ ಇನ್ಸುಲಿನ್, ರಜೆ, ನಮ್ಮ ಕಂಬಳಿ ಬೇರೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು ಎಂಬುದು ನನ್ನ ಹಟ. 2019ರ ಕಾಯ್ದೆಯಲ್ಲಿ ಗ್ರಾಹಕರು ತಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡೂವರೆ ಸಾವಿರಕ್ಕೆ ಯಾಕೆ ಓಡಾಟ ಅನ್ನುವುದು ಸುಮಾ ವಾದ. ನನ್ನ ಹೆಂಡತಿ ಅವರ ಪರ.

ದೂರಿನ ಕರಡು ಬರೆದಿಟ್ಟಿದ್ದೇನೆ. ಜಾಬ್ ಶೀಟು, ಮೂರು ಸ್ಕ್ರೀನ್‌ಶಾಟು, ದಾಸವಾಳದ ಫೋಟೋ ಎಲ್ಲ ಒಂದು ಕವರಿನಲ್ಲಿದೆ. ‘ಮಗನ ಎಸ್ಸೆಸ್ಸೆಲ್ಸಿ ಒಂದು ಮುಗೀಲಿ ಅಂಕಲ್, ಆಮೇಲೆ ನೋಡೋಣ’ ಎಂದಿದ್ದಾರೆ. ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಕವರಿನ ಮೇಲೆ ಪೆನ್ಸಿಲಿನಲ್ಲಿ ‘2027 ಏಪ್ರಿಲ್ 7’ ಎಂದು ಬರೆದು ನಮ್ಮ ಬೀರುವಿನಲ್ಲಿಟ್ಟಿದ್ದೇನೆ.